ಚಿತ್ತೆ ಮಳೆಯ ನಂತರ ಹುಲ್ಲುಹಾಸಿನ ಆರೈಕೆ: ಪಾಚಿ, ಜೇಕು, ಗೊಬ್ಬರದ ಬಗ್ಗೆ ಅನುಭವ ತಿಳಿಸಿ

ಕುವೆಂಪುನಗರ, ಮೈಸೂರಿನಿಂದ (ಸಲಹೆ ಕೇಳಿದವರು)

ನಮ್ಮ ಮನೆಯ ಮುಂದೆ ಇಪ್ಪತ್ತು ಅಡಿಗೆ ಇಪ್ಪತ್ತೈದು ಅಡಿಯಷ್ಟು ಹುಲ್ಲುಹಾಸು ಇದೆ. ಎರಡು ವರ್ಷದ ಹಿಂದೆ ನರ್ಸರಿಯಿಂದ ಮೆಕ್ಸಿಕನ್ ಹುಲ್ಲು ತರಿಸಿ ಹಾಕಿಸಿದ್ದೆವು. ಮೊದಲ ವರ್ಷ ದಾರಿಯಲ್ಲಿ ಹೋಗುವವರು ನಿಂತು ನೋಡುವಂತಿತ್ತು. ಈ ಸಲ ದಸರೆಯ ಹೊತ್ತಿಗೆ ಮತ್ತೆ ಮಳೆ ಹಿಡಿದ ಮೇಲೆ ಕಾಂಪೌಂಡಿನ ಪಕ್ಕದ ಸಂಪಿಗೆ ಮರದ ಕೆಳಗೆ ಹುಲ್ಲು ತೆಳುವಾಗಿ ಮಖಮಲ್ಲಿನಂಥ ಪಾಚಿ ಕಟ್ಟಿದೆ, ಗೇಟಿನಿಂದ ಬಾಗಿಲಿನವರೆಗೆ ನಾವು ಓಡಾಡುವ ಜಾಗದಲ್ಲಿ ಕಪ್ಪಗೆ ಜಾರುವ ಇನ್ನೊಂದು ಬಗೆಯ ಪಾಚಿ ಬಂದಿದೆ, ಬಿಸಿಲು ಬೀಳುವ ಕಡೆ ಜೇಕು ಎಂಬ ಕಳೆ ಎದ್ದಿದೆ, ಹುಲ್ಲು ಮಾತ್ರ ಹಳದಿಗೆ ತಿರುಗುತ್ತಿದೆ. ಇಂಗ್ಲೆಂಡಿನಲ್ಲಿರುವ ಮಗಳು ಅಲ್ಲಿ ಶರತ್ಕಾಲದಲ್ಲಿ ಮಾಡುವ ಕೆಲಸಗಳ ಪಟ್ಟಿ ಕಳಿಸಿದ್ದಾಳೆ: ಸಾರಜನಕ ಕಡಿಮೆ ಇದ್ದು ಪೊಟ್ಯಾಷ್ ಹೆಚ್ಚಿರುವ ಗೊಬ್ಬರ ಹಾಕುವುದು, ಪಾಚಿಗೆ ಕಬ್ಬಿಣದ ಸಲ್ಫೇಟ್ ಸಿಂಪಡಿಸುವುದು, ಒಣ ಬೇರು ಕೆರೆದು ತೆಗೆಯುವುದು, ನೆಲಕ್ಕೆ ತೂತು ಹೊಡೆಯುವುದು. ಇದರಲ್ಲಿ ನಮ್ಮೂರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಸರಸ್ವತಿಪುರಂ, ಮೈಸೂರಿನಿಂದ

ಮೇಡಂ, ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಒಂದು ಸಣ್ಣ ಹುಲ್ಲುಹಾಸನ್ನು ಸಾಕುತ್ತಿದ್ದೇನೆ, ಅದರಲ್ಲಿ ಎರಡು ಸಲ ಪೂರ್ತಿ ಕಿತ್ತು ಹೊಸದಾಗಿ ಹಾಕಿದ್ದೇನೆ. ಆ ಎರಡೂ ಸಲದ ತಪ್ಪು ನನ್ನದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಮಗಳು ಕಳಿಸಿದ ಪಟ್ಟಿ ಅಲ್ಲಿಯ ಮಟ್ಟಿಗೆ ಸರಿಯಾಗಿಯೇ ಇದೆ. ಅಲ್ಲಿ ಬೆಳೆಯುವುದು ತಂಪು ಹವೆಯ ಹುಲ್ಲು. ಶರತ್ಕಾಲದ ನಂತರ ಹಿಮ ಬೀಳುವ ಚಳಿ ಬರುತ್ತದೆ, ಆಗ ಸಾರಜನಕದಿಂದ ಮೆತ್ತಗೆ ಚಿಗುರಿದ ಎಲೆ ಚಳಿಗೂ ಬೂಷ್ಟು ರೋಗಕ್ಕೂ ಬೇಗ ಸಿಕ್ಕಿಬೀಳುತ್ತದೆ. ಹಾಗಾಗಿ ಅವರು ಸಾರಜನಕವನ್ನು ಹಿಡಿದು ಪೊಟ್ಯಾಷ್ ಕೊಡುತ್ತಾರೆ. ನಮ್ಮಲ್ಲಿ ಗರಿಕೆ, ಮೆಕ್ಸಿಕನ್, ಕೊರಿಯನ್ ಎಲ್ಲವೂ ಬಿಸಿ ಹವೆಯ ಹುಲ್ಲುಗಳು. ಚಿತ್ತೆ, ಸ್ವಾತಿ ಮಳೆ ಕಳೆದು ಬಿಸಿಲು ಬಿದ್ದ ಕೂಡಲೇ ಅವು ಮಲಗುವುದಿಲ್ಲ, ಡಿಸೆಂಬರಿನ ಚಳಿ ಬರುವ ಮುನ್ನ ಇನ್ನೊಂದು ಸುತ್ತು ಬೆಳೆಯುತ್ತವೆ. ಮೈಸೂರಿನಲ್ಲಿ ಅಕ್ಟೋಬರ್ ತಿಂಗಳು ವರ್ಷದ ಜೋರು ಮಳೆಯ ತಿಂಗಳುಗಳಲ್ಲಿ ಒಂದು. ಆ ನೀರು ಮಣ್ಣಿನಲ್ಲಿದ್ದ ಸಾರಜನಕವನ್ನು ಬೇರಿಗೆ ಸಿಗದಂತೆ ಕೆಳಗೆ ಇಳಿಸಿಬಿಡುತ್ತದೆ. ನಿಮ್ಮ ಹುಲ್ಲು ಹಳದಿಯಾಗಿರುವುದು ಬಹುಮಟ್ಟಿಗೆ ಹಸಿವಿನಿಂದಲೇ. ಆದ್ದರಿಂದ ಗೊಬ್ಬರದ ವಿಷಯದಲ್ಲಿ ಅಲ್ಲಿಯ ಸಲಹೆಯನ್ನು ಇಲ್ಲಿ ಪಾಲಿಸಬೇಡಿ, ತೂತು ಹೊಡೆಯುವ ವಿಷಯದಲ್ಲಿ ಮಾತ್ರ ಅಕ್ಷರಶಃ ಪಾಲಿಸಿ.

ನಿಮ್ಮ ಜಾಗ ಸುಮಾರು 46 ಚದರ ಮೀಟರ್ ಆಗುತ್ತದೆ. ಚದರ ಮೀಟರಿಗೆ 10 ಗ್ರಾಂ ಯೂರಿಯಾ ಸಾಕು, ಅದನ್ನೂ ಒಂದೇ ಸಲ ಹಾಕದೆ 230 ಗ್ರಾಂನಂತೆ ಎರಡು ಕಂತು ಮಾಡಿ, ನಡುವೆ ಮೂರು ವಾರ ಬಿಡಿ. ಮೊದಲ ಕಂತಿನ ಜೊತೆಗೆ ಅಷ್ಟೇ ತೂಕದ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸೇರಿಸಬಹುದು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ ಇರುವುದರಿಂದ ಕೈ ಸ್ವಲ್ಪ ಜಾರಿದರೂ ಹುಲ್ಲು ಸುಟ್ಟುಹೋಗುತ್ತದೆ. ಒಣ ಮರಳಿನಲ್ಲಿ ಕಲೆಸಿ, ಅರ್ಧವನ್ನು ಉದ್ದಕ್ಕೂ ಇನ್ನರ್ಧವನ್ನು ಅಡ್ಡಕ್ಕೂ ಎರಚಿ, ಎಲೆಯ ಮೇಲೆ ತೇವ ಇಲ್ಲದಿರುವಾಗ ಎರಚಿ, ಎರಚಿದ ಕೂಡಲೇ ನೀರು ಬಿಡಿ. ನಾನು ಒಮ್ಮೆ ಬೆಳಗಿನ ಇಬ್ಬನಿಯ ಮೇಲೆ ಬರಿಗೈಯಲ್ಲಿ ಎರಚಿ ಕಾಫಿ ಕುಡಿಯಲು ಒಳಗೆ ಹೋದೆ. ನಾಲ್ಕನೆಯ ದಿನ ನನ್ನ ಕೈ ಬೀಸಿದ ದಾರಿಯೆಲ್ಲ ಕಮಾನು ಕಮಾನಾಗಿ ಕಂದು ಬಣ್ಣದಲ್ಲಿ ನೆಲದ ಮೇಲೆ ಬರೆದಿಟ್ಟಂತೆ ಕಾಣುತ್ತಿತ್ತು.

ಇನ್ನು ಪಾಚಿ. ನಾವು ಎಲ್ಲವನ್ನೂ ಪಾಚಿ ಎಂದೇ ಕರೆಯುತ್ತೇವೆ, ಆದರೆ ನೀವು ಬರೆದಿರುವುದು ಎರಡು ಬೇರೆ ಬೇರೆ ಸಂಗತಿ. ಮರದ ಕೆಳಗಿನ ಮಖಮಲ್ಲು ಹಾವಸೆ. ಬೆರಳಿನಿಂದ ಎತ್ತಿದರೆ ಚಾಪೆಯಂತೆ ಏಳುತ್ತದೆ, ಏಕೆಂದರೆ ಅದಕ್ಕೆ ನಿಜವಾದ ಬೇರು ಇಲ್ಲ. ಓಡಾಡುವ ಜಾಗದ ಕಪ್ಪು ಲೋಳೆ ನಿಜವಾದ ಪಾಚಿ. ನೆಲ ಗಟ್ಟಿಯಾಗಿ ನೀರು ಮೇಲೆಯೇ ನಿಂತಿದೆ ಎಂದು ಅದು ಹೇಳುತ್ತಿದೆ. ಎರಡೂ ಹುಲ್ಲನ್ನು ಕೊಂದು ಬಂದವಲ್ಲ, ಹುಲ್ಲು ಸೋತು ಬಿಟ್ಟ ಜಾಗದಲ್ಲಿ ಬಂದು ಕೂತವು. ಅನ್ನಭೇದಿಯನ್ನು, ಅಂದರೆ ನಿಮ್ಮ ಮಗಳು ಹೇಳಿದ ಕಬ್ಬಿಣದ ಸಲ್ಫೇಟನ್ನು, ಚದರ ಮೀಟರಿಗೆ 5 ಗ್ರಾಂನಂತೆ ಒಂದು ಲೀಟರ್ ನೀರಿನಲ್ಲಿ ಕರಗಿಸಿ ಹೂಕ್ಯಾನಿನಿಂದ ಹಾಕಿದರೆ ಹಾವಸೆ ಒಂದೆರಡು ವಾರದಲ್ಲಿ ಕಪ್ಪಾಗಿ ಸಾಯುತ್ತದೆ, ಆಮೇಲೆ ಅದನ್ನು ಕೆರೆದು ತೆಗೆಯಬೇಕು. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಆದರೆ ಅದು ಮೆಟ್ಟಿಲಿನ ಕಲ್ಲಿಗೋ ಸಿಮೆಂಟಿಗೋ ತಾಗಿದರೆ ತುಕ್ಕಿನ ಕಲೆ ಉಳಿದುಬಿಡುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮತ್ತೆ, ನೆರಳೂ ತೇವವೂ ಹಾಗೆಯೇ ಇದ್ದರೆ ಮುಂದಿನ ಮಳೆಗೆ ಹಾವಸೆ ಅಲ್ಲಿಯೇ ಬರುತ್ತದೆ.

ಹಾಗಾಗಿ ಮೊದಲ ಕೆಲಸ ಸಂಪಿಗೆಯ ಕೆಳಗಿನ ಕೊಂಬೆಗಳನ್ನು ತೆಗೆಸುವುದು. ಎರಡನೆಯದು ತೂತು. ಮಳೆ ನಿಂತು ಎರಡು ಮೂರು ದಿನ ಕಳೆದ ಮೇಲೆ, ಮಣ್ಣು ಕೈಗೆ ಅಂಟದಷ್ಟು ಆರಿದಾಗ, ಬೆರಳು ಗಾತ್ರದ ಕಬ್ಬಿಣದ ಸರಳನ್ನು ಗೇಣಿಗೊಂದರಂತೆ ನಾಲ್ಕಂಗುಲ ಆಳಕ್ಕೆ ಇಳಿಸಿ ಸ್ವಲ್ಪ ಅಲುಗಾಡಿಸಿ ತೆಗೆಯಿರಿ. ನಿಮ್ಮ ಓಡಾಟದ ದಾರಿಯಲ್ಲಿ ಸರಳು ಮೊದಲ ಎರಡಂಗುಲಕ್ಕೆ ಕಲ್ಲಿಗೆ ಬಡಿದಂತೆ ನಿಲ್ಲುತ್ತದೆ ಎಂದು ನನ್ನ ಊಹೆ. ರೋಗ ಇರುವುದು ಆ ಎರಡಂಗುಲದಲ್ಲಿಯೇ. ತೂತಿಗೆ ಜರಡಿ ಹಿಡಿದ ಮರಳನ್ನೂ ಎರೆಗೊಬ್ಬರವನ್ನೂ ಸಮವಾಗಿ ಕಲೆಸಿ ಗುಡಿಸಿ ತುಂಬಿ. ಪುಡಿ ಹೆಚ್ಚಿರುವ ಎಂ-ಸ್ಯಾಂಡ್ ಬೇಡ, ಅದು ನೀರು ಬಿದ್ದಾಗ ಗಾರೆಯಂತೆ ಕೂರುತ್ತದೆ.

ಪಾಚಿ ಕಂಡರೆ ಸುಣ್ಣ ಎರಚಿ ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಮಣ್ಣು ಹುಳಿಯಾಗಿದ್ದರೆ ಮಾತ್ರ ಅದಕ್ಕೆ ಅರ್ಥ. ಬೋರ್‌ವೆಲ್ ನೀರು ಬಿಡುವ ಮನೆಯಲ್ಲಿ ಆ ನೀರೇ ಬೇಕಾದಷ್ಟು ಸುಣ್ಣದ ಅಂಶ ಸೇರಿಸುತ್ತಿರುತ್ತದೆ. ಸಂದೇಹವಿದ್ದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಮಣ್ಣು ಪರೀಕ್ಷೆ ಮಾಡಿಸಿ.

ವಿಜಯನಗರ, ಮೈಸೂರಿನಿಂದ

ಮೇಲಿನವರು ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಕಪ್ಪು ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಬೇಡಿ. ತೊಟ್ಟಿಗೆ ಹಾಕಿ ಉಳಿದಿದ್ದನ್ನು ನಮ್ಮ ಯಜಮಾನರು ಹುಲ್ಲುಹಾಸಿನ ಮೇಲೆ ಉದುರಿಸಿದರು. ಪಾಚಿ ಒಂದು ವಾರದಲ್ಲಿ ಹೋಯಿತು, ಹುಲ್ಲೂ ಅದರ ಜೊತೆಗೇ ಹೋಯಿತು, ಆರು ತಿಂಗಳ ಮೇಲೆ ಪಾಚಿ ಒಂದೇ ವಾಪಸು ಬಂತು.

ಮಂಡ್ಯದಿಂದ

ಜೇಕಿನ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅದನ್ನು ದುಡ್ಡು ಕೊಟ್ಟು ಮನೆಗೆ ತಂದವನು ನಾನು. ನಮ್ಮ ಕಡೆ ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆದು ಗದ್ದೆಗೆ ಹಾಕುವುದು ಹಿರಿಯರ ಕಾಲದಿಂದ ಬಂದ ಪದ್ಧತಿ, ಗದ್ದೆಗೆ ಅದು ಒಳ್ಳೆಯದೂ ಹೌದು. ಹುಲ್ಲುಹಾಸಿಗೂ ಒಳ್ಳೆಯದಾಗಬಹುದು ಎಂದುಕೊಂಡು ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಕಾಲು ಭಾಗ ತಂದು ಒಂದಂಗುಲ ದಪ್ಪಕ್ಕೆ ಹರಡಿದೆ. ಮಳೆ ಬಿದ್ದ ಹತ್ತನೆಯ ದಿನಕ್ಕೆ ಅಂಗಳದ ತುಂಬ ಕೊನ್ನಾರಿ, ಅಂದರೆ ಇದೇ ಜೇಕು, ಸೂಜಿಯಂತೆ ಚುಚ್ಚಿಕೊಂಡು ಮೇಲೆದ್ದಿತು. ತಿಪ್ಪೆಯಿಂದ ನೇರವಾಗಿ ತಂದ ಗೊಬ್ಬರದ ಕಥೆಯೂ ಅದೇ. ಕಳೆಯ ಬೀಜದ ಜೊತೆಗೆ ಗೊಣ್ಣೆ ಹುಳು ಉಚಿತವಾಗಿ ಬರುತ್ತದೆ, ಆ ಹುಳು ಬೇರು ತಿಂದ ಮೇಲೆ ಹುಲ್ಲು ಕಂಬಳಿಯಂತೆ ಕೈಗೆ ಎದ್ದು ಬರುತ್ತದೆ.

ಜೇಕು ನೋಡಲು ಹುಲ್ಲಿನಂತೆ ಇದ್ದರೂ ಹುಲ್ಲಲ್ಲ. ಹೂವಿನ ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿದರೆ ಮೂರು ಮೂಲೆ ತಿಳಿಯುತ್ತದೆ. ಅದನ್ನು ಮೇಲಿನಿಂದ ಹಿಡಿದು ಎಳೆದರೆ ದಾರದಂಥ ಬೇರು ಪಟ್ಟೆಂದು ತುಂಡಾಗಿ ಗಡ್ಡೆ ಕೆಳಗೇ ಉಳಿಯುತ್ತದೆ, ಆ ಗಡ್ಡೆಗೆ ಪೋಣಿಸಿದಂತೆ ಇನ್ನೂ ನಾಲ್ಕು ಗಡ್ಡೆ ಇರುತ್ತವೆ, ಎಳೆದ ತಪ್ಪಿಗೆ ಅವೂ ಎಚ್ಚರಗೊಳ್ಳುತ್ತವೆ. ನಮ್ಮ ತಾಯಿ ಇದೇ ಗಡ್ಡೆಯನ್ನು ಭದ್ರಮುಷ್ಟಿ ಎಂದು ಒಣಗಿಸಿ ಸೀಗೆಪುಡಿಗೆ ಸೇರಿಸುತ್ತಿದ್ದರು, ಹಾಗಾಗಿ ನಮ್ಮ ಮನೆಯಲ್ಲಿ ಇದನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ನಾನು ಮಾಡಿದ್ದು ಇಷ್ಟು: ಮಳೆ ಬಂದ ಮರುದಿನ ಕುರ್ಪಿ ಹಿಡಿದು ಕುಕ್ಕರುಗಾಲಲ್ಲಿ ಕೂತು, ಒಂದೊಂದರ ಪಕ್ಕದಲ್ಲೂ ಮಣ್ಣನ್ನು ಸಡಿಲಿಸಿ, ದಾರ ಹಿಡಿದು ಗಡ್ಡೆಯವರೆಗೆ ಹೋಗಿ ತೆಗೆದೆ. ಉಳಿದವು ಮತ್ತೆ ಚಿಗುರಿದಾಗ ಎರಡು ವಾರದೊಳಗೆ, ಹೊಸ ಗಡ್ಡೆ ಕಟ್ಟುವ ಮುನ್ನ, ಮತ್ತೆ ತೆಗೆದೆ. ಎರಡು ವರ್ಷ ಹಿಡಿಯಿತು. ಜೊತೆಗೆ ಹುಲ್ಲನ್ನು ಎರಡಂಗುಲಕ್ಕಿಂತ ಕೆಳಗೆ ಕತ್ತರಿಸುವುದನ್ನು ಬಿಟ್ಟೆ, ಏಕೆಂದರೆ ಜೇಕಿಗೆ ನೆರಳು ಆಗುವುದಿಲ್ಲ. ಹುಲ್ಲು ದಟ್ಟವಾಗಿ ಎತ್ತರವಾಗಿ ನಿಂತ ಕಡೆ ಅದು ತಾನಾಗಿ ಸೊರಗಿತು.

ಹುಳಿಸೊಪ್ಪು, ಮುಟ್ಟಿದರೆ ಮುನಿ, ನೆಲನೆಲ್ಲಿ ಇವೆಲ್ಲ ಕೈಯಲ್ಲಿ ಕಿತ್ತರೆ ಸಾಕು, ಬೀಜ ಕಟ್ಟುವ ಮುನ್ನ ಕೀಳಬೇಕು ಅಷ್ಟೆ. ಒಂದೆಲಗ ಬಂದಿದ್ದರೆ ಚಟ್ನಿಗೆ ಇರಲಿ.

ಕಳೆನಾಶಕ ಕೇಳಿದರೆ ಅಂಗಡಿಯವರು ಮೊದಲು ಕೊಡುವುದು 2,4-ಡಿ. ಅದು ಮುಖ್ಯವಾಗಿ ಅಗಲ ಎಲೆಯ ಕಳೆಗೆ. ಗಡ್ಡೆಯಿಂದ ಮತ್ತೆ ಮತ್ತೆ ಏಳುವ ಜೇಕನ್ನು ಅದರಿಂದ ಮುಗಿಸಲಾಗುವುದಿಲ್ಲ, ಗಾಳಿಯಲ್ಲಿ ತೇಲಿ ಪಕ್ಕದ ಮನೆಯ ಟೊಮೆಟೊ, ದಾಸವಾಳವನ್ನು ಮಾತ್ರ ಮುರುಟಿಸುತ್ತದೆ. ಐನೂರು ಚದರ ಅಡಿಗೆ ಆ ರಗಳೆಯೇ ಬೇಡ ಎಂಬುದು ನನ್ನ ಅಭಿಪ್ರಾಯ.

ಸರಸ್ವತಿಪುರಂನಿಂದ ಮತ್ತೆ

ಮಂಡ್ಯದವರ ಮಾತು ಒಪ್ಪುತ್ತೇನೆ, ಆದರೆ ಎತ್ತರದ ವಿಷಯದಲ್ಲಿ ಸಣ್ಣ ತಿದ್ದುಪಡಿ ಇದೆ. ಬಿಸಿಲಿನ ಜಾಗದಲ್ಲಿ ಒಂದೂವರೆ ಅಂಗುಲ ಸಾಕು, ನೆರಳಿನಲ್ಲಿ ಎರಡು ಇರಲಿ. ಯಾವಾಗ ಕತ್ತರಿಸಿದರೂ ಎತ್ತರದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹಬ್ಬಕ್ಕೆ ನೆಂಟರು ಬರುತ್ತಾರೆ ಎಂದು ಆಯುಧಪೂಜೆಯ ಹಿಂದಿನ ದಿನ ಬೋಳು ಮಾಡಿಸುವ ಚಾಳಿ ನಮ್ಮೂರಿನಲ್ಲಿದೆ. ಹಾಗೆ ಬರಿದಾದ ನೆಲದ ಮೇಲೆ ಚಿತ್ತೆ ಮಳೆ ಬಿದ್ದರೆ ಕಳೆಗೂ ಪಾಚಿಗೂ ಅಂಗಳ ಸಾರಿಸಿ ಕೊಟ್ಟಂತೆ.

ಕುವೆಂಪುನಗರದಿಂದ (ಸಲಹೆ ಕೇಳಿದವರು, ಕಾರ್ತೀಕದ ಕೊನೆಯಲ್ಲಿ)

ಎಲ್ಲರಿಗೂ ಕೃತಜ್ಞತೆಗಳು. ಸರಳು ಎರಡಂಗುಲಕ್ಕಲ್ಲ, ಒಂದೂವರೆಗೇ ನಿಂತಿತು. ಅಲ್ಲಿ ಅಗೆದಾಗ ಮನೆ ಕಟ್ಟಿದ ಕಾಲದ ಜಲ್ಲಿಯೂ ಒಡೆದ ಇಟ್ಟಿಗೆಯೂ ಸಿಕ್ಕಿತು. ಆ ಓಡಾಟದ ದಾರಿಯಲ್ಲಿ ಹುಲ್ಲಿನ ಆಸೆ ಬಿಟ್ಟು ಆರು ಚಪ್ಪಡಿ ಕಲ್ಲು ಹಾಸಿಸಿದೆವು, ಜಾರುವುದು ನಿಂತಿತು. ಉಳಿದ ಕಡೆ ತೂತು ಹೊಡೆದು, ಯೂರಿಯಾದ ಎರಡು ಕಂತನ್ನೂ ತಕ್ಕಡಿಯಲ್ಲಿ ತೂಗಿಯೇ ಹಾಕಿದೆ, ಬಣ್ಣ ತಿರುಗಿದೆ. ಜೇಕನ್ನು ಮೂರು ಸಲ ಕಿತ್ತಾಯಿತು; ಮೊದಲ ಸಲ ಒಂದು ಬಕೆಟ್ ಗಡ್ಡೆ ಸಿಕ್ಕಿತ್ತು, ಮೊನ್ನೆ ಎರಡು ಹಿಡಿ. ಸಂಪಿಗೆಯ ಕೊಂಬೆ ಕಡಿಯಲು ನಮ್ಮ ಅತ್ತೆಯವರು ಒಪ್ಪಲಿಲ್ಲ. ಅನ್ನಭೇದಿ ತಂದಿದ್ದು ಪೊಟ್ಟಣದಲ್ಲಿಯೇ ಇದೆ, ಹಾವಸೆ ಮರದ ಕೆಳಗೆ ಇದೆ, ಅತ್ತೆಯವರು ಬೆಳಿಗ್ಗೆ ಅದರ ಮೇಲೆ ಬಿದ್ದ ಹೂವನ್ನು ಆರಿಸಿಕೊಳ್ಳುತ್ತಾರೆ.