ಆಟಿಸಂ: ಯಾವ ಆನ್‌ಲೈನ್ ತರಬೇತಿ ಯಾರಿಗೆ?

ಆಟಿಸಂ ಇರುವ ಮಗುವಿಗೆ ನೆರವಾಗಲು ಯಾವ ಆನ್‌ಲೈನ್ ತರಬೇತಿ ಪಡೆಯಬೇಕು ಎಂಬ ಪ್ರಶ್ನೆ ನಮ್ಮ ಈ ಗುಂಪಿನಲ್ಲಿ ಆಗಾಗ ಬರುತ್ತಿರುವುದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಹುಡುಕಿದ ಕೂಡಲೇ ಎದುರಾಗುವುದು 40 ಗಂಟೆಗಳ ಕೋರ್ಸ್. ಅದು ಆರ್‌ಬಿಟಿ, ಅಂದರೆ ಬಿಹೇವಿಯರ್ ಟೆಕ್ನಿಷಿಯನ್ (ವರ್ತನೆ ಆಧಾರಿತ ಚಿಕಿತ್ಸೆಯನ್ನು ಮಗುವಿನ ಜೊತೆ ಕುಳಿತು ನಡೆಸುವ ಸಹಾಯಕ) ಆಗಿ ಕೆಲಸ ಮಾಡಲು ಹೊರಟವರ ಮೊದಲ ಮೆಟ್ಟಿಲು. ಅವರಿಗೂ ಅಷ್ಟರಿಂದಲೇ ಮುಗಿಯುವುದಿಲ್ಲ: ಕೌಶಲದ ಪರಿಶೀಲನೆ, ಪರೀಕ್ಷೆ, ಆಮೇಲೆ ಮೇಲ್ವಿಚಾರಕರ ಕೈಕೆಳಗೆ ಕೆಲಸ, ಎಲ್ಲ ಇವೆ. ಮೂರು ವರ್ಷದ ಮಗುವಿನ ತಾಯಿ ಅದಕ್ಕೆ ಹಣ ಕಟ್ಟಬೇಕಾಗಿಲ್ಲ.

ಪೋಷಕರಿಗೆಂದೇ ಮಾಡಿದ ಉಚಿತ ಪಾಠಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2ರಿಂದ 9 ವರ್ಷದ ಮಕ್ಕಳ ಮನೆಯವರಿಗಾಗಿ ರೂಪಿಸಿದ ಕಾರ್ಯಕ್ರಮದ ಆನ್‌ಲೈನ್ ರೂಪ 2022ರಲ್ಲಿ ಬಂತು. ಇನ್ನೂ ಎಳೆಯ ಮಕ್ಕಳಾದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಮೈಂಡ್ ಸಂಸ್ಥೆಯ 'ಹೆಲ್ಪ್ ಈಸ್ ಇನ್ ಯುವರ್ ಹ್ಯಾಂಡ್ಸ್' ನೋಡಿ. ಅದರ ವಿಡಿಯೊಗಳು ಚಿಕ್ಕವು, ಊಟ, ಸ್ನಾನ, ಆಟದ ಹೊತ್ತಿನಲ್ಲಿ ಮಾಡಬಹುದಾದದ್ದನ್ನೇ ಹೇಳುತ್ತವೆ. ಶಿಕ್ಷಕರು, ಚಿಕಿತ್ಸಕರು ಇಲ್ಲಿದ್ದರೆ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ 'ಅಫರ್ಮ್' ಸಾಕು. ಸಂಶೋಧನೆಯ ಆಧಾರವಿದೆ ಎಂದು 2020ರ ವರದಿ ಗುರುತಿಸಿದ 28 ವಿಧಾನಗಳ ಸುತ್ತ ಅದರ ಪಾಠಗಳಿವೆ.

ಆದರೆ ಪಾಠ ನೋಡುವುದು ಬೇರೆ, ಕೈಗೆ ಬರುವುದು ಬೇರೆ. ಮಗು ಆಟಿಕೆ ಕಾರನ್ನು ಮಗುಚಿ ಚಕ್ರ ತಿರುಗಿಸುತ್ತಾ ಕುಳಿತಿದೆ ಎಂದುಕೊಳ್ಳಿ. ನಾವು ಸುಮ್ಮನಿರುವುದಿಲ್ಲ. 'ಇದು ಯಾವ ಬಣ್ಣ? ಚಕ್ರ ಎಷ್ಟು? ಅಮ್ಮನಿಗೆ ಕೊಡು ನೋಡೋಣ' ಎಂದು ಒಂದರ ಹಿಂದೊಂದು ಪ್ರಶ್ನೆ ಎಸೆಯುತ್ತೇವೆ. ಅದನ್ನೇ ಮೊಬೈಲಿನಲ್ಲಿ ಹಿಡಿದು ಆಮೇಲೆ ನೋಡಿದರೆ, ಎರಡನೆಯ ಪ್ರಶ್ನೆಗೂ ಮೂರನೆಯದಕ್ಕೂ ನಡುವೆ ಮಗು ಒಂದು ಕ್ಷಣ ತಲೆಯೆತ್ತಿದ್ದು ಕಾಣಿಸುತ್ತದೆ. ಅಷ್ಟರಲ್ಲಿ ನಾವು ಬಾಯಿ ತೆರೆದಾಗಿರುತ್ತದೆ. ಅಲ್ಲಿ ಕಾಯಬೇಕಿತ್ತು, ಇಲ್ಲವೇ ನಾವೂ ಒಂದು ಚಕ್ರ ತಿರುಗಿಸಿ 'ತಿರುಗಿತು' ಎಂದಷ್ಟೇ ಹೇಳಬೇಕಿತ್ತು.

ಬ್ರಿಟನ್ನಿನ 'ಪ್ಯಾಕ್ಟ್' ವಿಧಾನ ನಿಂತಿರುವುದೇ ಇದರ ಮೇಲೆ: ಪೋಷಕರು ಆಡಿದ ವಿಡಿಯೊವನ್ನು ಚಿಕಿತ್ಸಕರು ಅವರೊಂದಿಗೇ ಕುಳಿತು ನೋಡುತ್ತಾರೆ. ಅದರ ಪ್ರಯೋಗದ ಮಕ್ಕಳನ್ನು ಸುಮಾರು ಆರು ವರ್ಷಗಳ ನಂತರ ಮತ್ತೆ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಪವಾಡವೇನೂ ಆಗಿರಲಿಲ್ಲ, ಆದರೆ ಲಕ್ಷಣಗಳ ತೀವ್ರತೆ ತಕ್ಕಮಟ್ಟಿಗೆ ಇಳಿದೇ ಇತ್ತು. ಹಾಗಾಗಿ ಹಣ ಕೊಡುವುದೇ ಆದರೆ ನಿಮ್ಮ ವಿಡಿಯೊ ನೋಡಿ ಮಾತನಾಡುವ ಒಬ್ಬರಿಗೆ ಕೊಡಿ, ಪ್ರಮಾಣಪತ್ರಕ್ಕಲ್ಲ. ಟೊರಾಂಟೊದ ಹಾನೆನ್ ಕೇಂದ್ರದ 'ಮೋರ್ ದ್ಯಾನ್ ವರ್ಡ್ಸ್' ಕೂಡ ಈ ಬಗೆಯದು.

ಗುಣಪಡಿಸುತ್ತೇವೆ ಎನ್ನುವ ಕೋರ್ಸಿನ ಹತ್ತಿರವೂ ಸುಳಿಯಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವಂತೆ ಮಗುವನ್ನು ಒತ್ತಾಯಿಸುವ, ಅದು ಪದೇ ಪದೇ ಕೈ ಬೀಸುವುದನ್ನು ನಿಲ್ಲಿಸಿದ್ದನ್ನೇ ಸಾಧನೆ ಎನ್ನುವ ತರಬೇತಿ ನನಗಂತೂ ಬೇಡ. ಅಂಥ ತರಬೇತಿಯಿಂದ ತಮಗಾದ ನೋವನ್ನು ಆಟಿಸಂ ಇರುವ ವಯಸ್ಕರು ಹೇಳುವುದನ್ನು ಸಾಕಷ್ಟು ಕೇಳಿದ್ದೇನೆ. ಇಂಗ್ಲೆಂಡಿನಲ್ಲಿ ಆರೋಗ್ಯ ಸಿಬ್ಬಂದಿಗಾಗಿ ಇರುವ ಆಲಿವರ್ ಮೆಕ್‌ಗೋವನ್ ತರಬೇತಿಯಲ್ಲಿ ಆನ್‌ಲೈನ್ ಪಾಠದ ನಂತರ ಆಟಿಸಂ ಇರುವವರೇ ಬಂದು ಮಾತನಾಡುವ ಭಾಗವಿದೆ. ವೃತ್ತಿಯವರು ಕೋರ್ಸ್ ಆರಿಸುವಾಗ ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಇನ್ನೊಂದು ಮಾತು. ಪಾಠ ಇಂಗ್ಲಿಷಿನಲ್ಲಿದೆ ಎಂದು ಮಗುವಿನೊಂದಿಗೆ ಇಂಗ್ಲಿಷಿಗೆ ಬದಲಾಗಬೇಕಿಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದನ್ನು ಈವರೆಗಿನ ಅಧ್ಯಯನಗಳು ಒಪ್ಪುವುದಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡಿ, ವಿಡಿಯೊ ಕರೆಯಲ್ಲಿ ಮಾತನಾಡುವ ಅಜ್ಜಿಗೂ ಆ ಕಾಯುವುದನ್ನು ಹೇಳಿಕೊಡಿ. ಅವರು ನಮಗಿಂತ ಬೇಗ ಕಲಿಯುತ್ತಾರೆ.

ಕೇಳುವವರು ಮಗುವಿನ ವಯಸ್ಸು, ಈಗ ಹೇಗೆ ಬೇಡಿಕೆ ತಿಳಿಸುತ್ತದೆ ಎಂಬುದನ್ನು ಬರೆದರೆ, ಎಲ್ಲಿಂದ ಶುರು ಮಾಡಬಹುದು ಎಂದು ಇಲ್ಲಿರುವ ಯಾರಾದರೂ ಹೇಳಿಯೇ ಹೇಳುತ್ತಾರೆ.