ಚಾಕಿ ಬಿಲ್ಲಿನ ಮೇಲೆ ಸ್ವಂತ ಚಿಕ್ಕ ಲಿಂಕ್: ಮಾಡಿದವರು ಅನುಭವ ಹೇಳಿ

ಶಿಡ್ಲಘಟ್ಟದಿಂದ, ಕೇಳಿದವರು:

ನಮ್ಮದು ಚಾಕಿ ಸಾಕಾಣಿಕೆ ಕೇಂದ್ರ, ಅಂದರೆ ರೇಷ್ಮೆಯ ಮರಿಹುಳು ಬೆಳೆಸಿ ರೈತರಿಗೆ ಕೊಡುವ ಜಾಗ. ಹುಳು ಒಯ್ಯುವ ರೈತರಿಗೆ ಕೊಡುವ ಬಿಲ್ಲಿನ ಹಿಂದೆ ಒಂದು ಲಿಂಕ್, ಒಂದು ಕ್ಯೂಆರ್ ಅಚ್ಚು ಹಾಕಿಸಬೇಕು. ಹುಳು ಮನೆಗೆ ಔಷಧಿ ಹೊಡೆಯುವ ವಿಧಾನ, ಸೊಪ್ಪು ಕೊಡುವ ವೇಳೆ, ಮುಂದಿನ ಬ್ಯಾಚ್‌ಗೆ ಹೆಸರು ಬರೆಸುವ ಫಾರ್ಮ್ ಎಲ್ಲ ಅದರಲ್ಲಿ ಸಿಗಬೇಕು. ನಮ್ಮ ವೆಬ್ ಪುಟದ ವಿಳಾಸದಲ್ಲಿ ಕನ್ನಡ ಅಕ್ಷರಗಳಿವೆ. ವಾಟ್ಸಾಪ್‌ಗೆ ಅಂಟಿಸಿದರೆ ಮೂರು ಸಾಲು ಶೇಕಡಾ ಗುರುತುಗಳೇ ಬರುತ್ತವೆ. ಪುಕ್ಕಟೆ ಸೇವೆ ನಂಬಬೇಡ, ಸ್ವಂತ ಸರ್ವರ್‌ನಲ್ಲಿ ಶಾರ್ಟ್‌ನರ್ (ಉದ್ದ ವಿಳಾಸಕ್ಕೆ ಚಿಕ್ಕ ಲಿಂಕ್ ಮಾಡಿಕೊಡುವ ಸಾಫ್ಟ್‌ವೇರ್) ಹಾಕೋಣ ಅಂತ ನನ್ನ ತಮ್ಮ ಹೇಳುತ್ತಾನೆ. ಯಾವುದು ಹಾಕಬೇಕು? ನಡೆಸೋಕೆ ಕಷ್ಟವಾ?

ತುಮಕೂರಿನಿಂದ:

ನಿಮ್ಮ ತಮ್ಮ ಹೇಳಿದ್ದು ಸರಿ ಸರ್. ಗೂಗಲ್‌ನವರೇ ತಮ್ಮ ಶಾರ್ಟ್‌ನರ್‌ನಲ್ಲಿ ಹೊಸ ಲಿಂಕ್ ಮಾಡುವುದನ್ನು 2019ರಲ್ಲಿ ನಿಲ್ಲಿಸಿದರು. ಯಾರೂ ಒತ್ತದೆ ಬಿದ್ದಿದ್ದ ಹಳೆಯ ಲಿಂಕ್‌ಗಳಿಗೆ 2025ರ ಆಗಸ್ಟ್ 25 ಕೊನೆ ದಿನ ಅಂದರು. ಬಿಲ್ ಬುಕ್‌ನಲ್ಲಿ ಅಚ್ಚಾಗುವ ವಿಳಾಸ ಬೇರೆಯವರ ಕೈಯಲ್ಲಿ ಇರಬಾರದು.

ನಾನು ಇಲ್ಲಿ ಕೆಲವು ಸಂಘಗಳಿಗೆ ಯುವರ್ಲ್ಸ್ (YOURLS) ಅನ್ನುವ ಶಾರ್ಟ್‌ನರ್ ಹಾಕಿಕೊಟ್ಟಿದ್ದೇನೆ. ಸರ್ವರ್‌ನಲ್ಲಿ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದ್ದರೆ ಸಾಕು. ಸಾಮಾನ್ಯ ಶೇರ್ಡ್ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಜಿಪ್ ಬಿಚ್ಚಿ, ಒಂದು ಖಾಲಿ ಡೇಟಾಬೇಸ್ ಮಾಡಿ, ಯೂಸರ್ ಫೋಲ್ಡರ್‌ನಲ್ಲಿರುವ ಮಾದರಿ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ಗೆ ಹೊಸ ಹೆಸರು ಕೊಟ್ಟು ವಿವರ ತುಂಬಿ. ಅಡ್ಮಿನ್ ಪುಟ ತೆರೆದು ಇನ್‌ಸ್ಟಾಲ್ ಒತ್ತಿದರೆ ಟೇಬಲ್‌ಗಳು ತಾವೇ ಆಗುತ್ತವೆ.

ಕಾನ್ಫಿಗ್ ತುಂಬುವಾಗ ನಿಧಾನ ಮಾಡಿ. ಸೈಟ್ ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಇರಲಿ, ಕೊನೆಯಲ್ಲಿ ಓರೆ ಗೆರೆ (/) ಬೇಡ. ಕುಕೀ ಕೀ ಅನ್ನುವ ಜಾಗದಲ್ಲಿ ಉದ್ದನೆಯ, ಯಾರೂ ಊಹಿಸಲಾಗದ ಸಾಲು ಹಾಕಿ. ಪಾಸ್‌ವರ್ಡ್ ಸಾದಾ ಅಕ್ಷರದಲ್ಲೇ ಬರೆಯಬಹುದು, ಫೈಲ್‌ಗೆ ಬರೆಯುವ ಅನುಮತಿ ಇದ್ದರೆ ಯುವರ್ಲ್ಸ್ ಆಮೇಲೆ ಅದನ್ನು ತಾನೇ ಹ್ಯಾಶ್ ಮಾಡಿಕೊಳ್ಳುತ್ತದೆ, ಅಂದರೆ ಯಾರೂ ಓದಲಾಗದ ರೂಪಕ್ಕೆ ಬದಲಿಸುತ್ತದೆ.

ಹೊಸಬರೆಲ್ಲ ಒಂದು ಕಡೆ ನಿಂತುಬಿಡುತ್ತಾರೆ. ಅಡ್ಮಿನ್ ಪುಟ ಚೆನ್ನಾಗಿ ಬರುತ್ತದೆ, ಆದರೆ ಚಿಕ್ಕ ಲಿಂಕ್ ಒತ್ತಿದರೆ 404, ಅಂದರೆ ‘ಪುಟ ಸಿಗಲಿಲ್ಲ’. ಯುವರ್ಲ್ಸ್ ಕೆಟ್ಟಿದೆ ಅಂದುಕೊಂಡು ಮತ್ತೆ ಮೊದಲಿಂದ ಹಾಕುತ್ತಾರೆ. ಹಾಗೆ ಮಾಡಬೇಡಿ. ಸರ್ವರ್‌ನಲ್ಲಿ ವೆಬ್ ಪುಟ ಕಳಿಸುವ ಅಪಾಚೆ ಅನ್ನುವ ಸಾಫ್ಟ್‌ವೇರ್‌ನಲ್ಲಿ ವಿಳಾಸ ತಿರುಗಿಸುವ ರೀರೈಟ್ ಮಾಡ್ಯೂಲ್ ಆನ್ ಆಗಿಲ್ಲ, ಅಥವಾ ಎಚ್‌ಟಿ ಆಕ್ಸೆಸ್ (.htaccess) ಫೈಲ್ ಓದೋಕೆ ಅಪಾಚೆಗೆ ಅನುಮತಿ ಇಲ್ಲ. ಉಬುಂಟುವಿನಲ್ಲಿ ಅಪಾಚೆ ಹಾಕಿದಾಗ ಆ ಅನುಮತಿ ಮುಚ್ಚಿಯೇ ಬರುತ್ತದೆ. ಸೈಟ್ ಸೆಟ್ಟಿಂಗ್‌ನಲ್ಲಿ ಅಲೋ ಓವರ್‌ರೈಡ್ ಅನ್ನುವುದನ್ನು ಆಲ್ ಮಾಡಿ, ಅಪಾಚೆ ರೀಲೋಡ್ ಮಾಡಿದರೆ ಸರಿ ಹೋಗುತ್ತದೆ. ಅಪಾಚೆ ಬದಲು ಎಂಜಿನ್‌ಎಕ್ಸ್ ಇದ್ದರೆ ಎಚ್‌ಟಿ ಆಕ್ಸೆಸ್ ಕೆಲಸಕ್ಕೆ ಬರುವುದಿಲ್ಲ, ಎಲ್ಲ ವಿಳಾಸವನ್ನೂ ಯುವರ್ಲ್ಸ್ ಲೋಡರ್ ಫೈಲ್‌ಗೆ ಕಳಿಸುವ ಸಾಲು ಬೇರೆ ಬರೆಯಬೇಕು.

ಇನ್ನೊಂದು ಮುಖ್ಯ. ಪ್ರೈವೇಟ್ ಅನ್ನುವ ಸೆಟ್ಟಿಂಗ್ ಟ್ರೂ ಆಗಿಯೇ ಇರಲಿ. ಎಲ್ಲರಿಗೂ ಅನುಕೂಲ ಆಗಲಿ ಅಂತ, ಯಾರು ಬೇಕಾದರೂ ಲಿಂಕ್ ಮಾಡುವಂತೆ ತೆರೆದಿಟ್ಟರೆ ಮೋಸದ ಪುಟ ನಡೆಸುವವರು ನಿಮ್ಮ ಲಿಂಕ್ ಹಿಂದೆ ಅಡಗುತ್ತಾರೆ. ಆಮೇಲೆ ನಿಮ್ಮ ಡೊಮೈನ್ ಪೂರ್ತಿ ಬ್ರೌಸರ್‌ಗಳ ಅಪಾಯದ ಪಟ್ಟಿಗೆ ಸೇರುತ್ತದೆ. ರೈತರು ಬಿಲ್ ಸ್ಕ್ಯಾನ್ ಮಾಡಿದರೆ ಕೆಂಪು ಪರದೆ ಬರುತ್ತದೆ.

ಕೋಲಾರದಿಂದ:

ಟೊಮೆಟೊ ಮಂಡಿಗಳಿಗೆ ಬಿಲ್ ಬುಕ್, ಚೀಟಿ ಅಚ್ಚು ಹಾಕುವುದು ನಮ್ಮ ಕೆಲಸ. ಸರ್ವರ್ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಕಾಗದದ ವಿಷಯ ಹೇಳುತ್ತೇನೆ.

ಕನ್ನಡ ವಿಳಾಸ ಯಾಕೆ ಅಷ್ಟು ಉದ್ದ ಆಗುತ್ತದೆ ಗೊತ್ತಾ? ‘ರೇಷ್ಮೆ’ ಅನ್ನುವುದನ್ನು ಕಂಪ್ಯೂಟರ್ ಆರು ತುಂಡಾಗಿ ಇಟ್ಟುಕೊಳ್ಳುತ್ತದೆ: ರ, ಅದರ ಏತ್ವ, ಷ, ಅದರ ಕೆಳಗಿನ ಹಲಂತ, ಮ, ಅದರ ಎತ್ವ. ಒಂದೊಂದು ತುಂಡಿಗೂ ವಿಳಾಸದಲ್ಲಿ 9 ಅಕ್ಷರ. ಅಂದರೆ ಒಂದು ಪದಕ್ಕೇ 54. ಇಡೀ ವಿಳಾಸ 200 ದಾಟುವುದು ಕಷ್ಟವೇ ಅಲ್ಲ.

ಅದನ್ನು ಹಾಗೇ ಕ್ಯೂಆರ್ ಮಾಡಿದರೆ ಮಧ್ಯಮ ಮಟ್ಟದ ದೋಷ ತಿದ್ದುಪಡಿ (ಸ್ವಲ್ಪ ಮಾಸಿದರೂ ಓದಲು ಬರುವ ಅನುಕೂಲ) ಇಟ್ಟರೂ 57ಕ್ಕೆ 57 ಚೌಕ ಬೇಕು. 26 ಅಕ್ಷರದೊಳಗಿನ ಲಿಂಕ್‌ಗೆ 25ಕ್ಕೆ 25 ಸಾಕು. ಎರಡು ಸೆಂಟಿಮೀಟರ್ ಜಾಗದಲ್ಲಿ ಮೊದಲನೆಯದರ ಒಂದು ಚೌಕ 0.35 ಮಿಲಿಮೀಟರ್, ಎರಡನೆಯದರದು 0.8. ಬಿಲ್ ಬುಕ್‌ನ ತೆಳು ಕಾಗದದಲ್ಲಿ ಮಸಿ ಸ್ವಲ್ಪ ಹರಡಿದರೂ ಸಣ್ಣ ಚೌಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುತ್ತ ನಾಲ್ಕು ಚೌಕದಷ್ಟು ಬಿಳಿ ಜಾಗ ಬಿಡಿ. ಅಂಚಿಗೆ ಹೂವಿನ ಬಾರ್ಡರ್ ಹಾಕಿಸುತ್ತೀವಿ ಅಂತ ಬರುವವರಿಗೆ ನಾನು ಇದನ್ನೇ ಹೇಳುವುದು.

ಕ್ಯೂಆರ್ ಕೆಳಗೆ ಲಿಂಕ್ ಅಕ್ಷರದಲ್ಲೂ ಇರಲಿ. ನಮ್ಮ ಕಡೆ ಅದನ್ನು ಫೋನ್‌ನಲ್ಲಿ ಬಾಯಲ್ಲಿ ಹೇಳಿಸಿಕೊಳ್ಳುವವರೇ ಜಾಸ್ತಿ. ದೊಡ್ಡಕ್ಷರ, ಚಿಕ್ಕಕ್ಷರ ಬೆರೆಸಬೇಡಿ. ಸೊನ್ನೆ, ಒಂದು ಅನ್ನುವ ಅಂಕಿಗಳು ಬೇಡವೇ ಬೇಡ, ಅಕ್ಷರ ಅಂದುಕೊಳ್ಳುತ್ತಾರೆ. ‘ಚಾಕಿ’ ಅಂತ ಇಂಗ್ಲಿಷ್ ಚಿಕ್ಕಕ್ಷರದಲ್ಲಿ ನೀವೇ ಹೆಸರು ಕೊಡಿ.

ಚಿಂತಾಮಣಿಯಿಂದ:

ನಾನು ಶ್ಲಿಂಕ್ (Shlink) ಅನ್ನುವ ಇನ್ನೊಂದು ಶಾರ್ಟ್‌ನರ್ ನಡೆಸುತ್ತೇನೆ, ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಪೂರ್ತಿ ಡಬ್ಬಿಯಂತೆ ಕಟ್ಟಿ ಓಡಿಸುವ ವಿಧಾನ). ಯುವರ್ಲ್ಸ್ ಚಿಕ್ಕ ಲಿಂಕನ್ನು 301 ಅನ್ನುವ ಕೋಡ್ ಜೊತೆ ಕಳಿಸುತ್ತದೆ, ಅಂದರೆ ‘ಇದು ಶಾಶ್ವತ’. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ನಿಮ್ಮ ಸರ್ವರ್ ಕೇಳದೆ ಹಳೆಯ ಜಾಗಕ್ಕೇ ಹೋಗಬಹುದು. ಪ್ರತಿ ಬ್ಯಾಚ್‌ಗೆ ಫಾರ್ಮ್ ಬದಲಿಸುವ ನಿಮಗೆ ಇದು ತೊಂದರೆ. ಶ್ಲಿಂಕ್ 302 ಕಳಿಸುತ್ತದೆ, ಅಂದರೆ ‘ಸದ್ಯಕ್ಕೆ ಇಲ್ಲಿ’. ಆದರೆ ಶ್ಲಿಂಕ್‌ಗೆ ತನ್ನದೇ ಅಡ್ಮಿನ್ ಪುಟ ಇಲ್ಲ, ವೆಬ್ ಕ್ಲೈಂಟ್ ಬೇರೆ ಜೋಡಿಸಬೇಕು. ಡಾಕರ್ ಗೊತ್ತಿಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ತುಮಕೂರಿನಿಂದ:

301 ಬಗ್ಗೆ ಒಪ್ಪುತ್ತೇನೆ. ಯುವರ್ಲ್ಸ್‌ನಲ್ಲೂ ಚಿಕ್ಕ ಪ್ಲಗಿನ್‌ನಿಂದ 302 ಮಾಡಬಹುದು. ನಾನು ಹಾಕಿದ ಕಡೆಯಲ್ಲೆಲ್ಲ ಹಾಗೇ ಮಾಡಿದ್ದೇನೆ.

ಬಂಗಾರಪೇಟೆಯಿಂದ:

ಅಣ್ಣ, ನಿಮಗೆ ಬೇಕಾಗಿರುವುದು ಐದಾರು ಲಿಂಕ್ ಅಲ್ವಾ? ಅದಕ್ಕೆ ಡೇಟಾಬೇಸ್ ಯಾಕೆ? ಸ್ವಂತ ಡೊಮೈನ್ ಇದ್ದರೆ ಎಚ್‌ಟಿ ಆಕ್ಸೆಸ್ ಫೈಲ್‌ನಲ್ಲಿ ಲಿಂಕ್‌ಗೊಂದು ರೀಡೈರೆಕ್ಟ್ ಸಾಲು ಬರೆದರೆ ಮುಗಿಯಿತು. ಅಪ್‌ಡೇಟ್ ಮಾಡೋದು ಇಲ್ಲ, ಪಾಸ್‌ವರ್ಡ್ ಕದಿಯುವ ಭಯ ಇಲ್ಲ. ಎಷ್ಟು ಜನ ಒತ್ತಿದರು ಅನ್ನುವ ಲೆಕ್ಕ ಬೇಕಾದರೆ ಮಾತ್ರ ಶಾರ್ಟ್‌ನರ್ ಹಾಕಿ.

ತಿಪಟೂರಿನಿಂದ:

ಎಲ್ಲರೂ ಸಾಫ್ಟ್‌ವೇರ್ ಹೇಳಿದಿರಿ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ, ಡೊಮೈನ್ ಯಾರ ಹೆಸರಲ್ಲಿದೆ ಅನ್ನುವುದು. ನಾನು ಕೊಬ್ಬರಿ ವ್ಯಾಪಾರದಲ್ಲಿದ್ದೇನೆ. ನಮ್ಮ ಕಡೆಯ ಒಂದು ಸಂಘ ಸದಸ್ಯರ ಕಾರ್ಡ್ ಮೇಲೆಲ್ಲ ಚಿಕ್ಕ ಲಿಂಕ್ ಅಚ್ಚು ಹಾಕಿಸಿತ್ತು. ಡೊಮೈನ್ ಇದ್ದದ್ದು ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ, ಅವನ ಇಮೇಲ್‌ನಲ್ಲಿ. ಅವನು ಕೆಲಸ ಬದಲಿಸಿ ಹೋದ. ನವೀಕರಣದ ನೋಟಿಸ್ ಯಾರೂ ನೋಡಲಿಲ್ಲ. ಡೊಮೈನ್ ಕೈಬಿಟ್ಟ ಮೇಲೆ ಬೇರೆ ಯಾರೋ ಕೊಂಡರು. ಈಗ ಆ ಕಾರ್ಡ್ ಸ್ಕ್ಯಾನ್ ಮಾಡಿದರೆ ಜೂಜಿನ ಜಾಹೀರಾತು ಬರುತ್ತದೆ. ಕಾರ್ಡ್ ವಾಪಸ್ ತರಿಸೋಕೆ ಆಗುತ್ತಾ?

ಆದ್ದರಿಂದ ದಯವಿಟ್ಟು ಡೊಮೈನ್ ನಿಮ್ಮ ಹೆಸರಲ್ಲಿ, ನೀವು ದಿನಾ ನೋಡುವ ಇಮೇಲ್‌ನಲ್ಲಿ ಇರಲಿ. ಒಂದೇ ಸಲಕ್ಕೆ ಹಲವು ವರ್ಷಕ್ಕೆ ಕಟ್ಟಿ. ಮೊದಲ ವರ್ಷದ ಆಫರ್ ನೋಡಿ ಕೊಳ್ಳಬೇಡಿ, ನವೀಕರಣದ ದರ ಕೇಳಿ. ಈಗಾಗಲೇ ಡೊಮೈನ್ ಇದ್ದರೆ ಅದರಲ್ಲೇ ಒಂದು ಸಬ್‌ಡೊಮೈನ್ ಮಾಡಿ, ಹೊಸದಕ್ಕೆ ದುಡ್ಡು ಹಾಕುವುದು ತಪ್ಪುತ್ತದೆ.

ಗೌರಿಬಿದನೂರಿನಿಂದ:

ಎಸ್‌ಎಂಎಸ್‌ನಲ್ಲೂ ಈ ಲಿಂಕ್ ಕಳಿಸುತ್ತೀರಾ? ಬಲ್ಕ್ ಎಸ್‌ಎಂಎಸ್ ಆದರೆ 2024ರ ಅಕ್ಟೋಬರ್ 1ರಿಂದ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮ ಇದೆ. ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯದ ಲಿಂಕ್ ಇರುವ ಮೆಸೇಜನ್ನು ಟೆಲಿಕಾಂ ಕಂಪನಿಗಳು ತಡೆಯುತ್ತವೆ. ಡೊಮೈನ್ ಸಿಕ್ಕ ಕೂಡಲೇ ಬಲ್ಕ್ ಎಸ್‌ಎಂಎಸ್ ನೋಂದಣಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ ಸೇರಿಸಿ. ಸ್ವಂತ ಡೊಮೈನ್ ಇದ್ದರೆ ಈ ಕೆಲಸವೂ ಸಲೀಸು.

ಶಿಡ್ಲಘಟ್ಟದಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೊಮೈನ್ ತಮ್ಮನ ಹೆಸರಲ್ಲಿದೆ, ಮನೆಯಲ್ಲೇ ಇದ್ದಾನೆ. ಯಾವ ಊರಿನವರು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ನಮಗೆ ಬೇಕು. ಆದ್ದರಿಂದ ಯುವರ್ಲ್ಸ್ ಹಾಕುತ್ತೇವೆ. ಲೆಕ್ಕ ನಂಬಬಹುದಾ?

ತುಮಕೂರಿನಿಂದ:

ಪೂರ್ತಿ ನಂಬಬೇಡಿ. ವಾಟ್ಸಾಪ್‌ನಲ್ಲಿ ಲಿಂಕ್ ಅಂಟಿಸಿದಾಗ ಪ್ರಿವ್ಯೂ ಚಿತ್ರ ತರೋಕೆ ಆ್ಯಪ್ ತಾನೇ ಒಂದು ಸಲ ಲಿಂಕ್ ತೆರೆಯುತ್ತದೆ. ಅದೂ ಲೆಕ್ಕಕ್ಕೆ ಸೇರುತ್ತದೆ. ಊರಿನ ಲೆಕ್ಕ ಸಿಗುವುದಿಲ್ಲ, ಯುವರ್ಲ್ಸ್ ತಾನಾಗಿ ದೇಶವನ್ನು ಮಾತ್ರ ತೋರಿಸುತ್ತದೆ. ಹೋಬಳಿಗೊಂದು ಬೇರೆ ಲಿಂಕ್ ಮಾಡಿ, ಬಿಲ್ ಬುಕ್‌ನಲ್ಲಿ ಒಂದು, ಗೂಡಿನ ಮಾರುಕಟ್ಟೆ ಹತ್ತಿರದ ಬೋರ್ಡ್‌ನಲ್ಲಿ ಇನ್ನೊಂದು. ಆಗ ಎಲ್ಲಿಂದ ಬಂದರು ಅಂತ ಗೊತ್ತಾಗುತ್ತದೆ. ಲಿಂಕ್ ಕೊನೆಗೆ ಪ್ಲಸ್ ಗುರುತು ಹಾಕಿದರೆ ಅದರ ಲೆಕ್ಕದ ಪುಟ ಬರುತ್ತದೆ.

ಬ್ಯಾಕಪ್ ಎರಡು: ಡೇಟಾಬೇಸ್ ಡಂಪ್ (ಪೂರ್ತಿ ನಕಲು), ಯೂಸರ್ ಫೋಲ್ಡರ್. ದಿನಾ ರಾತ್ರಿ ಕ್ರಾನ್‌ನಲ್ಲಿ (ಹೇಳಿದ ವೇಳೆಗೆ ಸರ್ವರ್ ತಾನೇ ಕೆಲಸ ಮಾಡುವ ವ್ಯವಸ್ಥೆ) ತೆಗೆದು ಬೇರೆ ಕಡೆ ಕಳಿಸಿ, ಅದೇ ಸರ್ವರ್‌ನಲ್ಲಿ ಇಟ್ಟರೆ ಉಪಯೋಗ ಇಲ್ಲ. ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ 90 ದಿನಕ್ಕೆ ಮುಗಿಯುತ್ತದೆ, ಅದನ್ನು ತರುವ ಸರ್ಟ್‌ಬಾಟ್ ಸಾಫ್ಟ್‌ವೇರ್ ತಾನೇ ನವೀಕರಿಸುತ್ತಿದೆಯಾ ಅಂತ ಮೊದಲ ಸಲ ನೀವೇ ನೋಡಿ. ಬಿಲ್ ಬುಕ್ ಅಚ್ಚಿಗೆ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಫೋನ್‌ನಲ್ಲಿ ಲಿಂಕ್ ತೆರೆದು, ಅಡ್ಮಿನ್‌ನಲ್ಲಿ ಅದನ್ನು ಬೇರೆ ಪುಟಕ್ಕೆ ತಿರುಗಿಸಿ, ಅದೇ ಫೋನ್‌ನಲ್ಲಿ ಮತ್ತೆ ತೆರೆಯಿರಿ. ಹೊಸ ಪುಟ ಬಂದರೆ ಮಾತ್ರ ಪ್ರೆಸ್‌ಗೆ ಕಳಿಸಿ.