ನರ್ಸಿಂಗ್ ಕಾಲೇಜು ಸೇರುವ ಮುಂಚೆ ವಾರ್ಡ್ ಕೆಲಸ ಕಲಿಯಬಹುದೇ?

ಹಾಸನದ ವಿದ್ಯಾರ್ಥಿನಿ:
ಎರಡನೇ ಪಿಯುಸಿ ಮುಗಿದಿದೆ, 18 ತುಂಬಿದೆ. ಬಿಎಸ್ಸಿ ನರ್ಸಿಂಗ್ ಸೇರಬೇಕು ಅಂತಿದ್ದೇನೆ. ತರಗತಿ ಶುರುವಾಗೋಕೆ ಇನ್ನೂ ಮೂರ್ನಾಲ್ಕು ತಿಂಗಳಿದೆ. ಇಲ್ಲಿನ ಒಂದು ನರ್ಸಿಂಗ್ ಹೋಮ್‌ನವರು "ಬಾ, ಇಂಜೆಕ್ಷನ್ನು, ಡ್ರಿಪ್ಪು ಎಲ್ಲ ಕಲಿಸ್ತೀವಿ, ಸರ್ಟಿಫಿಕೇಟೂ ಕೊಡ್ತೀವಿ" ಅಂತಿದ್ದಾರೆ. ಹೋಗಬಹುದಾ? ಸೀಟಿಗೇನಾದರೂ ಅನುಕೂಲ ಆಗುತ್ತಾ?

ವಾರ್ಡ್ ಇನ್‌ಚಾರ್ಜ್:
ಸೀಟಿಗೆ ಆಗಲ್ಲಮ್ಮ. ಸೀಟು ಸಿಗೋದು ಅಂಕ, ರ‍್ಯಾಂಕ್ ಮೇಲೆ. ಆ ಸರ್ಟಿಫಿಕೇಟ್ ಇಟ್ಟುಕೊಂಡು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯೂ ಆಗಲ್ಲ. ಓದದೆ ಇರೋ ಹುಡುಗಿ ಕೈಗೆ ಸಿರಿಂಜ್ ಕೊಡ್ತೀವಿ ಅನ್ನೋ ಜಾಗಕ್ಕೆ ಹೋಗಲೇಬೇಡ. ಡೋಸ್ ತಪ್ಪಿದರೆ, ಅಲರ್ಜಿ ಆದರೆ ರೋಗಿಯ ಜೀವಕ್ಕೇ ಅಪಾಯ.

ಆದರೆ ಕೆಲಸ ಕಲಿಯೋ ಆಸೆ ಒಳ್ಳೆಯದು, ಅದನ್ನ ಬಿಡಬೇಡ. ಸ್ಟಾಫ್ ನರ್ಸ್ ಮೇಲ್ವಿಚಾರಣೆ ಇರೋ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ಸೇರು. ಜಿಡಿಎ, ಅಂದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತ ಕರೀತಾರೆ. ವೃದ್ಧಾಶ್ರಮವೂ ಆಗುತ್ತೆ. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್‌ಗಳಲ್ಲಿ, ಅಂದರೆ ಗುಣವಾಗದ ಕಾಯಿಲೆಯವರನ್ನ ಕೊನೆಗಾಲದಲ್ಲಿ ನೋಡಿಕೊಳ್ಳೋ ಜಾಗಗಳಲ್ಲಿ, ಸ್ವಯಂಸೇವೆಗೆ ಅವಕಾಶ ಇದೆಯಾ ಅಂತ ಮೊದಲು ಕೇಳಿಕೋ. ಹಾಸಿಗೆ ಹಿಡಿದವರಿಗೆ ಮೈ ಒರೆಸೋದು, ಊಟ ಮಾಡಿಸೋದು, ಮಗ್ಗಲು ಬದಲಿಸೋದು, ಬೆಡ್‌ಪ್ಯಾನ್ ಕೊಡೋದು ಕಲಿ. ಈ ಕೆಲಸಕ್ಕೆ ಅಸಹ್ಯ ಪಡ್ತೀಯಾ ಇಲ್ಲವಾ ಅನ್ನೋದು ನಾಲ್ಕು ವರ್ಷದ ಫೀಸು ಕಟ್ಟೋ ಮುಂಚೆಯೇ ಗೊತ್ತಾಗಲಿ.

ಸೇರೋ ಮುಂಚೆ ತಾಯಿ ಕಾರ್ಡ್ ತೆಗೆದು ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡು. ಆಗಿಲ್ಲದಿದ್ದರೆ ಇವತ್ತೇ ಶುರು ಮಾಡಿಸು: ಇವತ್ತೊಂದು, ಒಂದು ತಿಂಗಳಾದ ಮೇಲೊಂದು, ಆರನೇ ತಿಂಗಳಿಗೊಂದು. ಮೂರನೇದು ಆದ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆಯಲ್ಲಿ ಟೈಟರ್, ಅಂದರೆ ಲಸಿಕೆಯಿಂದ ಬಂದ ರಕ್ಷಣೆಯ ಅಳತೆ, 10ಕ್ಕಿಂತ ಕಡಿಮೆ ಬರಬಾರದು.

ನರ್ಸಿಂಗ್ ಬೋಧಕಿ:
ಇನ್‌ಚಾರ್ಜ್ ಹೇಳಿದ್ದು ಸರಿ. ಅದರ ಜೊತೆಗೆ ನೋಡುವುದು, ಅಳೆಯುವುದು, ಬರೆಯುವುದು, ಈ ಮೂರನ್ನು ಶುದ್ಧವಾಗಿ ಕಲಿತು ಬನ್ನಿ. ಮೊದಲ ವರ್ಷದಲ್ಲಿ ಹೆಚ್ಚಿನವರು ಎಡವುವುದೇ ಇಲ್ಲಿ.

ಬಿಪಿ ನೋಡುವ ಮುಂಚೆ ರೋಗಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ ಇರಲಿ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟದಲ್ಲಿರಲಿ. ಕಫ್ (ತೋಳಿಗೆ ಕಟ್ಟುವ ಪಟ್ಟಿ) ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇಕಡ 80ರಷ್ಟನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಇಲ್ಲದ ಬಿಪಿ ಇದ್ದಂತೆ ತೋರಿಸುತ್ತದೆ. ಗಾಳಿಯನ್ನು ಸೆಕೆಂಡಿಗೆ 2–3 ಮಿಲಿಮೀಟರ್‌ನಂತೆ ಇಳಿಸಿ. ಭರ್ರನೆ ಬಿಟ್ಟರೆ ಸ್ಟೆತಸ್ಕೋಪಿನಲ್ಲಿ ಕೇಳುವ ಮೊದಲ ಸದ್ದು ತಪ್ಪಿ ಮೇಲಿನ ಅಂಕಿ ಕಡಿಮೆಯಾಗಿ ಬರುತ್ತದೆ. ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಮಾಡಿಕೊಳ್ಳಬೇಡಿ. ಪೂರ್ತಿ ಒಂದು ನಿಮಿಷ ಎಣಿಸಿದರೆ ಲಯ ತಪ್ಪುತ್ತಿರುವುದು ಬೆರಳಿಗೆ ತಿಳಿಯುತ್ತದೆ. ಅದೇ ಕೈ ತೆಗೆಯದೆ, ರೋಗಿಗೆ ಹೇಳದೆ, ಮುಂದಿನ ನಿಮಿಷ ಉಸಿರು ಎಣಿಸಿ. ಹೇಳಿದರೆ ಅವರ ಉಸಿರಾಟವೇ ಬದಲಾಗುತ್ತದೆ.

ಎಷ್ಟು ಕುಡಿದರು, ಎಷ್ಟು ಮೂತ್ರ ಹೋಯಿತು ಎಂಬುದನ್ನು "ಚೆನ್ನಾಗಿ ಹೋಗಿದೆ" ಎಂದು ಬರೆಯುವಂತಿಲ್ಲ. ವಾರ್ಡಿನ ಲೋಟಕ್ಕೆ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂದು ಒಮ್ಮೆ ಅಳೆದಿಟ್ಟುಕೊಳ್ಳಿ. ಯೂರಿನ್ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗಬಾರದು. ಅಳೆಯದ ಅಂಕಿಯನ್ನು ಚಾರ್ಟಿನಲ್ಲಿ ತುಂಬುವುದು ರೋಗಿಗೆ ಮಾಡುವ ದ್ರೋಹ. ಡಾಕ್ಟರ್ ಅದನ್ನೇ ನಂಬಿ ಔಷಧಿ ಬದಲಿಸುತ್ತಾರೆ.

ಹಾಸನದ ವಿದ್ಯಾರ್ಥಿನಿ:
ತುಂಬಾ ಥ್ಯಾಂಕ್ಸ್ ಮೇಡಂ. ಸಹಾಯಕಿಯಾಗಿ ಸೇರಿದ ಮೇಲೂ ಡ್ಯೂಟಿ ಜಾಸ್ತಿ ಇದ್ದಾಗ "ಈ ಸೂಜಿ ಬಿಸಾಕಿ ಬಾ" ಅಂದರೆ ಏನು ಮಾಡಲಿ?

ವಾರ್ಡ್ ಇನ್‌ಚಾರ್ಜ್:
ಸೂಜಿ ಬಳಸಿದವರೇ ಅದನ್ನ ಆಗಿಂದಾಗ್ಗೆ ವಿಲೇವಾರಿ ಮಾಡಬೇಕು, ಕೈಯಿಂದ ಕೈಗೆ ದಾಟಿಸೋ ಹಾಗಿಲ್ಲ. "ಸಿಸ್ಟರ್, ಡಬ್ಬಿ ಇಲ್ಲಿಗೇ ತರ್ತೀನಿ" ಅಂತ ಹೇಳು, ಯಾರೂ ತಪ್ಪು ತಿಳಿಯಲ್ಲ. ಕ್ಯಾಪ್ ಮತ್ತೆ ಹಾಕೋಕೆ ಅಂತೂ ಹೋಗಲೇಬೇಡ. ಸೂಜಿ, ಬ್ಲೇಡ್ ಬಿಳಿ ಗಟ್ಟಿ ಡಬ್ಬಿಗೆ. ಸೂಜಿ ತೆಗೆದ ಸಿರಿಂಜ್, ಟ್ಯೂಬ್, ಗ್ಲೌಸ್ ಕೆಂಪಿಗೆ. ರಕ್ತವಾದ ಹತ್ತಿ, ಬ್ಯಾಂಡೇಜ್ ಹಳದಿಗೆ. ಗಾಜಿನ ವಯಲ್ (ಔಷಧಿ ಸೀಸೆ) ನೀಲಿಗೆ. ಹಳದಿ ಚೀಲವನ್ನ ಕೈಯಿಂದ ಅದುಮಬೇಡ, ತಪ್ಪಿ ಬಿದ್ದ ಸೂಜಿ ಚುಚ್ಚೋದು ಅಲ್ಲೇ.

ಚುಚ್ಚಿದರೆ ಹಿಂಡಬೇಡ, ಬಾಯಿಗೆ ಇಟ್ಟುಕೋಬೇಡ. ನಲ್ಲಿ ನೀರು, ಸೋಪಿನಲ್ಲಿ ತೊಳೆದು ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳು. ಎಚ್‌ಐವಿ ತಡೆಯೋ ಮಾತ್ರೆ ಬೇಕು ಅಂತಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ಬಿಡದೆ ನುಂಗಬೇಕು. ಬೈತಾರೆ ಅಂತ ಮುಚ್ಚಿಡೋದೇ ದೊಡ್ಡ ಅಪಾಯ. ಅಪಘಾತವಾದರೆ ಪರೀಕ್ಷೆ, ಮಾತ್ರೆ ಖರ್ಚು ಯಾರದ್ದು ಅಂತ ಸೇರೋ ದಿನವೇ ಕೇಳಿ ಬರವಣಿಗೆಯಲ್ಲಿ ತಗೋ.

ಫಿಸಿಯೋಥೆರಪಿಸ್ಟ್:
ಬೆನ್ನಿನ ವಿಷಯ ಯಾರೂ ಹೇಳಲಿಲ್ಲ, ತಂಗಿ. ಈ ಕೆಲಸದಲ್ಲಿ ಸೊಂಟ ಹಿಡಿದುಕೊಳ್ಳುವುದು ಬಹಳ ಬೇಗ.

ಹಾಸಿಗೆಯಿಂದ ವೀಲ್‌ಚೇರ್‌ಗೆ ಕೂರಿಸುವಾಗ ಮೊದಲು ಎರಡೂ ಬ್ರೇಕ್ ಹಾಕಿ ಕಾಲಿಡುವ ಪಟ್ಟಿ ಮಡಚಿ. ಕುರ್ಚಿ ರೋಗಿಯ ಶಕ್ತಿ ಇರುವ ಬದಿಗೆ ಇರಲಿ. ಎಬ್ಬಿಸಿದ ಕೂಡಲೇ ನಿಲ್ಲಿಸಬೇಡಿ, ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ. ಬಿಪಿ ಇಳಿದು ತಲೆ ಸುತ್ತಿ ಬೀಳುವುದು ಎದ್ದು ನಿಂತ ಹೊತ್ತಿಗೇ. ನೀವು ಮೊಣಕಾಲು ಬಗ್ಗಿಸಿ, ಅವರನ್ನು ಮೈಗೆ ಹತ್ತಿರ ಹಿಡಿದು, ಪಾದ ತಿರುಗಿಸಿ ಹೊರಳಿ, ಸೊಂಟ ತಿರುಚಬೇಡಿ. ಲಕ್ವ ಹೊಡೆದವರ ಬಲವಿಲ್ಲದ ಕೈ ಹಿಡಿದು ಎಂದಿಗೂ ಎಳೆಯಬೇಡಿ, ಭುಜದ ಕೀಲು ಜಾರುತ್ತದೆ.

ಮಲಗಿದವರನ್ನು ಮೇಲಕ್ಕೆ ಸರಿಸಲು ಇಬ್ಬರು ಬೇಕೇ ಬೇಕು. ಅವರ ಮೈ ಕೆಳಗೆ ಅಡ್ಡಲಾಗಿ ಹಾಸಿರುವ ಬಟ್ಟೆಯನ್ನು (ಡ್ರಾ ಶೀಟ್) ಎರಡೂ ಕಡೆ ಸುತ್ತಿ ಹಿಡಿದು ಎತ್ತಿ ಸರಿಸಿ. ಹಾಗೇ ಎಳೆದರೆ ಬೆನ್ನ ಕೆಳಭಾಗದ ಚರ್ಮ ಉಜ್ಜಿ ಹಾಸಿಗೆ ಹುಣ್ಣಿಗೆ ದಾರಿಯಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವಾಗ ಹಿಮ್ಮಡಿ, ಸೊಂಟದ ಮೂಳೆಯ ಜಾಗ ನೋಡಿ. ಕೆಂಪಾಗಿದ್ದರೆ ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ, ಆ ಬದಿಗೆ ಭಾರ ಬೀಳದಂತೆ ದಿಂಬು ಕೊಟ್ಟು ಸಿಸ್ಟರಿಗೆ ತೋರಿಸಿ.